ಜರ್ಮನ್ ಯುದ್ಧನೌಕೆಗಳ ಚಿತ್ರಗಳು: ಬಿಡಿಸಿದವರು ಕಣ್ಣಾರೆ ಕಂಡದ್ದೆಷ್ಟು?

ಹಿನ್ನೀರು:

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ಜರ್ಮನ್ ಯುದ್ಧನೌಕೆ ಮತ್ತು ಸಬ್‌ಮರೀನ್‌ಗಳ ಚಿತ್ರಗಳ ಬಗ್ಗೆ ಇಲ್ಲಿ ಮಾತಾಡೋಣ. ತೈಲಚಿತ್ರ, ಹಳೇ ಪೋಸ್ಟ್‌ಕಾರ್ಡ್, ಈಗಿನ ನಂಬರ್ ಹಾಕಿದ ಪ್ರಿಂಟ್, ಎಲ್ಲವೂ ಬರಲಿ. ಇವುಗಳಲ್ಲಿ ಯಾವುದನ್ನು ನೋಡಿದರೂ ನನಗೆ ಮೊದಲು ಬರುವ ಪ್ರಶ್ನೆ ಒಂದೇ. ಬಿಡಿಸಿದವರು ಎಲ್ಲಿ ನಿಂತು ನೋಡಿದ್ದರು? ಹಡಗಿನ ಮೇಲಾ, ದಡದಲ್ಲಾ, ಅಥವಾ ಊರೊಳಗಿನ ಸ್ಟುಡಿಯೋದಲ್ಲಾ? ಇದು ಗೊತ್ತಾದರೆ ಅರ್ಧ ಚಿತ್ರ ಅರ್ಥವಾದ ಹಾಗೇ.

ಮೊದಲನೇ ಮಹಾಯುದ್ಧದ ಮೂವರನ್ನು ತಗೊಳ್ಳಿ.

ವಿಲ್ಲಿ ಸ್ಟೋವರ್ (1864-1931) ಕೈಸರ್ ಎರಡನೇ ವಿಲ್ಹೆಲ್ಮ್‌ಗೆ ಅಚ್ಚುಮೆಚ್ಚಿನ ಕಲಾವಿದ. ಟೈಟಾನಿಕ್ ಮುಳುಗುವ ಚಿತ್ರ ಅಂತ ಎಷ್ಟೋ ಪುಸ್ತಕಗಳಲ್ಲಿ ಬರುವುದು ಇವರು 1912ರಲ್ಲಿ ಬಿಡಿಸಿದ್ದೇ. ಅದರಲ್ಲಿ ನಾಲ್ಕನೇ ಹೊಗೆಕೊಳವೆಯಿಂದಲೂ ಹೊಗೆ ಬರುತ್ತದೆ. ಆ ಹಡಗಿನ ನಾಲ್ಕನೇ ಕೊಳವೆ ಬಾಯ್ಲರ್‌ಗೆ ಸೇರಿರಲೇ ಇಲ್ಲ. ಅಂದರೆ ಪತ್ರಿಕೆಗಾಗಿ ಬೇಗ ಬೇಗ ಬಿಡಿಸಿದ ಕೆಲಸ ಅದು. ಯುದ್ಧ ಶುರುವಾದ ಮೇಲೆ ಇದೇ ಸ್ಟೋವರ್ ಯು-21 ಸಬ್‌ಮರೀನ್ ಲಿವರ್‌ಪೂಲ್ ಹತ್ತಿರ ಲಿಂಡಾ ಬ್ಲಾಂಚ್ ಎಂಬ ಸರಕು ಹಡಗನ್ನು ಮುಳುಗಿಸಿದ್ದನ್ನು ಬಿಡಿಸಿದರು. ಘಟನೆ ನಡೆದದ್ದು 1915ರ ಜನವರಿ 30ರಂದು. ಅಲ್ಲೂ ಅವರು ಇರಲಿಲ್ಲ.

ಹಾನ್ಸ್ ಬೋರ್ಟ್ (1857-1945) ಯಾರ ಹತ್ತಿರವೂ ಕಲಿಯದೆ ತಾವೇ ಕಲಿತವರು. ಇವರ 'ಕೊನೆಯ ಮನುಷ್ಯ' ಚಿತ್ರವನ್ನು ಜರ್ಮನಿಯಲ್ಲಿ ನೋಡದವರು ಆಗ ಇರಲಿಲ್ಲವೇನೋ. ಮಗುಚಿದ ಹಡಗಿನ ತಳದ ಮೇಲೆ ಒಬ್ಬ ನಾವಿಕ ನಿಂತು ನೌಕಾಧ್ವಜ ಎತ್ತಿ ಹಿಡಿದಿದ್ದಾನೆ. ಸುತ್ತ ಬರೀ ಅಲೆ. 1914ರ ಡಿಸೆಂಬರ್ 8ರ ಫಾಕ್‌ಲೆಂಡ್ ಕಾಳಗದ ನೆನಪಿಗೆ ಬಿಡಿಸಿದ್ದು. ಆ ದಿನ ಅಡ್ಮಿರಲ್ ಗ್ರಾಫ್ ಶ್ಪೇ, ಅವರ ಇಬ್ಬರು ಗಂಡುಮಕ್ಕಳು, ನಾಲ್ಕು ಹಡಗು, ಎಲ್ಲವೂ ನೀರುಪಾಲಾದವು. ಚಿತ್ರ ಜನರ ಕೈಗೆ ತಲುಪಿದ್ದು ಕ್ಯಾನ್‌ವಾಸ್ ಮೂಲಕ ಅಲ್ಲ, ಪೋಸ್ಟ್‌ಕಾರ್ಡ್ ಮತ್ತು ಪ್ರಿಂಟ್ ಮೂಲಕ.

ಮೂರನೆಯವರು ಕ್ಲಾಸ್ ಬೆರ್ಗೆನ್ (1885-1964). ಇವರು 1917ರಲ್ಲಿ ಹಾನ್ಸ್ ರೋಜ಼ೆ ನಾಯಕತ್ವದ ಯು-53ರಲ್ಲಿ ನಿಜವಾಗಿಯೂ ಅಟ್ಲಾಂಟಿಕ್‌ಗೆ ಹೋಗಿ ಬಂದರು. ಸಬ್‌ಮರೀನಿನ ಮೇಲಟ್ಟದಲ್ಲಿ ನಿಂತು ಸ್ಕೆಚ್ ಮಾಡಿದರು. ಇವರ ನೀರೇ ಬೇರೆ. ನನ್ನ ಮಟ್ಟಿಗೆ ಮೂವರಲ್ಲಿ ದೊಡ್ಡವರು ಇವರೇ. ನಿಮ್ಮ ಅಭಿಪ್ರಾಯ ಹೇಳಿ.

ಬಂದರುಕಟ್ಟೆ:

ಒಳ್ಳೇ ವಿಷಯ ಎತ್ತಿದ್ದೀರಿ ಸಾರ್. ನಮ್ಮ ಕಡೆಯವರಿಗೆ ಜರ್ಮನ್ ಯುದ್ಧನೌಕೆ ಅಂದರೆ ಎಮ್ಡೆನ್. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿಗೆ ಬಂದು ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿ ಹೋದ ಹಡಗು. ಮದ್ರಾಸ್ ಹೈಕೋರ್ಟ್ ಆವರಣದ ಗೋಡೆಯಲ್ಲಿ ಅದರ ನೆನಪಿನ ಕಲ್ಲು ಈಗಲೂ ಇದೆ. ಆ ರಾತ್ರಿಯನ್ನು ಬಿಡಿಸಿದ ಜರ್ಮನ್ ಚಿತ್ರಗಳೂ ಪೋಸ್ಟ್‌ಕಾರ್ಡ್‌ಗಳೂ ಬೇಕಾದಷ್ಟಿವೆ. ಸರ್ಚ್‌ಲೈಟ್, ಬೆಂಕಿ, ಕಪ್ಪು ಹೊಗೆ. ಕಲಾವಿದರಿಗೆ ಇದಕ್ಕಿಂತ ಏನು ಬೇಕು ಹೇಳಿ.

ಆದರೆ ಎಮ್ಡೆನ್ ಚಿತ್ರ ನೋಡುವಾಗ ಹೊಗೆಕೊಳವೆ ಎಣಿಸಬೇಕು. ಅದಕ್ಕೆ ಇದ್ದದ್ದು ಮೂರು. ಬ್ರಿಟಿಷ್ ಹಡಗಿನ ಹಾಗೆ ಕಾಣಲಿ ಅಂತ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್ ನಾಲ್ಕನೆಯದೊಂದನ್ನು ಸುಳ್ಳು ಸುಳ್ಳೇ ಕಟ್ಟಿಸಿದ್ದರು. ಬೇಕಾದಾಗ ನಿಲ್ಲಿಸುವುದು, ಬೇಡದಾಗ ಇಳಿಸುವುದು. 1914ರ ಅಕ್ಟೋಬರ್ 28ರ ಬೆಳಗ್ಗೆ ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಜ಼ೆಮ್‌ಚುಗ್ ಹಡಗನ್ನು ಮುಳುಗಿಸಿದಾಗ ಆ ನಾಲ್ಕನೇ ಕೊಳವೆ ನಿಂತಿತ್ತು. ಹಾಗಾಗಿ ಪೆನಾಂಗ್ ಚಿತ್ರದಲ್ಲಿ ನಾಲ್ಕು ಕಂಡರೆ ಕಲಾವಿದ ಓದಿಕೊಂಡಿದ್ದಾನೆ ಅಂತ ಅರ್ಥ. ನವೆಂಬರ್ 9ರಂದು ಕೊಕೊಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಎಂಬ ಹಡಗಿನ ಜೊತೆ ನಡೆದ ಕಾಳಗದ ಚಿತ್ರವಾದರೆ ಮೂರೇ ಇರಬೇಕು.

ಓದುಗಮಿತ್ರ:

ನನಗೆ ಬೇರೆಯದೇ ಪ್ರಶ್ನೆ ಇದೆ. ಬೇಜಾರು ಮಾಡಿಕೊಳ್ಳಬೇಡಿ. ಹಿಟ್ಲರನ ನೌಕಾಪಡೆಯ ಹಡಗನ್ನು ಮನೆಯ ಗೋಡೆಗೆ ತೂಗುಹಾಕುವುದು ಸರಿಯಾ? ಚಿತ್ರ ಎಷ್ಟೇ ಚೆನ್ನಾಗಿರಲಿ, ಅದರ ಹಿಂದೆ ಏನಿದೆ ಅಂತ ನೋಡಬೇಕಲ್ವಾ? 1940ರ ಸೆಪ್ಟೆಂಬರ್ 17ರ ರಾತ್ರಿ ಯು-48 ಎಂಬ ಸಬ್‌ಮರೀನ್ ಸಿಟಿ ಆಫ್ ಬೆನಾರಸ್ ಹಡಗನ್ನು ಮುಳುಗಿಸಿತು. ಬಾಂಬ್ ದಾಳಿಯಿಂದ ಉಳಿಸಲು ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ಸತ್ತರು. ಅದರ ಖಲಾಸಿಗಳಲ್ಲಿ ಹೆಚ್ಚಿನವರು ನಮ್ಮ ದೇಶದವರು. ಸಬ್‌ಮರೀನನ್ನು ಅಲೆ ಸೀಳುವ ಸಾಹಸಿಯ ಹಾಗೆ ಬಿಡಿಸಿದ ಪ್ರಿಂಟ್ ನೋಡಿದಾಗಲೆಲ್ಲ ನನಗೆ ಆ ಮಕ್ಕಳೇ ನೆನಪಾಗುತ್ತಾರೆ.

ಹಿನ್ನೀರು:

ಓದುಗಮಿತ್ರರೇ, ಬೇಜಾರು ಯಾಕೆ? ಈ ಪ್ರಶ್ನೆ ಬರಲೇಬೇಕಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದವರಿಗೂ ಇದೇ ಪ್ರಶ್ನೆ ಎದುರಾಯಿತು. ಗಾರ್ಡನ್ ಗಿಲ್ಕಿ ಅಂತ ಒಬ್ಬ ಸೇನಾಧಿಕಾರಿ. ಮೂಲತಃ ಒರೆಗಾನ್ ರಾಜ್ಯದ ಪ್ರಿಂಟ್ ಕಲಾವಿದ. 1946ರಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಅಂದರೆ ಜರ್ಮನ್ ಸೇನೆಯ ಕಲಾವಿದರು ಬಿಡಿಸಿದ ಯುದ್ಧಚಿತ್ರಗಳನ್ನು ಹುಡುಕಿ ಒಟ್ಟು ಮಾಡುವುದು. 8,000ಕ್ಕೂ ಹೆಚ್ಚು ಚಿತ್ರಗಳು ಸಿಕ್ಕವು. ಎಲ್ಲವನ್ನೂ ಅಮೆರಿಕಕ್ಕೆ ಸಾಗಿಸಿದರು. 1986ರಲ್ಲಿ ಬಹುಪಾಲು ಚಿತ್ರಗಳು ಜರ್ಮನಿಗೆ ವಾಪಸಾದವು. ನಾತ್ಸಿ ಪ್ರಚಾರಕ್ಕೆ ನೇರವಾಗಿ ಬಳಸಬಹುದಾದ ಕೆಲವನ್ನು ಮಾತ್ರ ಅಮೆರಿಕ ಉಳಿಸಿಕೊಂಡಿತು. ಸುಡಲಿಲ್ಲ, ಹಾಗಂತ ಎಲ್ಲವನ್ನೂ ಬೀದಿಗೂ ಬಿಡಲಿಲ್ಲ. ನನಗೆ ಇದು ಸರಿ ಅನ್ನಿಸುತ್ತದೆ.

ಅಂಥ ಚಿತ್ರಗಳಲ್ಲಿ ಒಂದನ್ನು ಹೇಳುತ್ತೇನೆ. ಬ್ರಿಟನ್ನಿನ ಹುಡ್ ಹಡಗು 1941ರ ಮೇ 24ರಂದು ಜರ್ಮನ್ ಯುದ್ಧನೌಕೆ ಬಿಸ್ಮಾರ್ಕ್‌ನ ಗುಂಡಿಗೆ ಸಿಡಿದದ್ದನ್ನು ಶ್ಮಿಟ್ಜ್-ವೆಸ್ಟರ್‌ಹೋಲ್ಟ್ ಎಂಬ ಜರ್ಮನ್ ಕಲಾವಿದ ಬಿಡಿಸಿದ್ದಾರೆ. ವಿಚಿತ್ರ ನೋಡಿ, ಅದರಲ್ಲಿ ಮುಂಭಾಗದಲ್ಲಿರುವುದು ಬ್ರಿಟಿಷರ ಪ್ರಿನ್ಸ್ ಆಫ್ ವೇಲ್ಸ್. ಅದರಾಚೆ ಹುಡ್ ಮುಳುಗುತ್ತಿದೆ. ಅಂದರೆ ಗೆದ್ದವರ ಕಡೆಯ ಕಲಾವಿದ ನಮ್ಮನ್ನು ನಿಲ್ಲಿಸಿದ್ದು ಸೋತವರ ಪಕ್ಕದಲ್ಲಿ. ಹುಡ್‌ನಲ್ಲಿದ್ದ 1,418 ಜನರಲ್ಲಿ ಉಳಿದವರು ಮೂರೇ ಜನ. ಆ ಚಿತ್ರದಲ್ಲಿ ಜಂಬ ಕಾಣುವುದಿಲ್ಲ, ಭಯ ಕಾಣುತ್ತದೆ. ಗೋಡೆಗೆ ಹಾಕುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ನೋಡುವುದನ್ನು ಮಾತ್ರ ಬಿಡಬಾರದು ಅಂತ ನನ್ನ ವಾದ.

ಎಲ್ಬೆ ದಡದಿಂದ:

ನಾನು ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಯ ಅಂತರರಾಷ್ಟ್ರೀಯ ಕಡಲ ಮ್ಯೂಸಿಯಂ ಬಗ್ಗೆ ಹೇಳಲೇಬೇಕು. ಹಳೇ ಇಟ್ಟಿಗೆಯ ಗೋದಾಮು ಕಟ್ಟಡ. 2008ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಪೇಟರ್ ಟಾಮ್ ಎಂಬ ಪ್ರಕಾಶಕರ ಸ್ವಂತ ಸಂಗ್ರಹ ಅದು. ಹಡಗಿನ ಮಾದರಿಗಳೂ ಕಡಲ ಚಿತ್ರಗಳೂ ಮಹಡಿ ಮಹಡಿಗೂ ಇವೆ. ಒಂದು ದಿನದಲ್ಲಿ ನೋಡಿ ಮುಗಿಸುವಂಥದ್ದಲ್ಲ.

ಚಿತ್ರದ ಅಳತೆ ಮನಸ್ಸಿಗೆ ಬರಬೇಕಾದರೆ ಕೀಲ್ ಹತ್ತಿರದ ಲಾಬೊಗೆ ಹೋಗಬೇಕು. ಅಲ್ಲಿ ಸಮುದ್ರದ ಮರಳ ಮೇಲೆ ಯು-995 ನಿಂತಿದೆ. 1972ರಿಂದ ಮ್ಯೂಸಿಯಂ. ಉದ್ದ 67 ಮೀಟರ್. ಹೊರಗಿನಿಂದ ದೊಡ್ಡದಾಗೇ ಕಾಣುತ್ತದೆ. ಒಳಗೆ ಹೋದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ ದುಂಡಗಿನ ಕಿಂಡಿಯಲ್ಲಿ ಕಾಲು ಮೊದಲು ಹಾಕಿ ನುಸುಳಬೇಕು. ಮಲಗುವ ಬಂಕುಗಳು ಟಾರ್ಪಿಡೋ ಪಕ್ಕದಲ್ಲೇ. ಸುಮಾರು 50 ಜನ ಇದರಲ್ಲಿ ವಾರಗಟ್ಟಲೆ ಬದುಕುತ್ತಿದ್ದರು. ಮಾರಾಟಕ್ಕೆ ಬರುವ ಪ್ರಿಂಟ್‌ಗಳಲ್ಲಿ ಈ ಒಳಗಿನ ಬದುಕು ತೀರಾ ಅಪರೂಪ. ಬರೀ ಹೊರಗಿನ ನೋಟ, ಸೂರ್ಯಾಸ್ತ, ನೊರೆ.

ಓದುಗಮಿತ್ರರ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಸ್ವಸ್ತಿಕದ ಗುರುತು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಾನೂನಿನ ನಿಷೇಧ ಇದೆ. ಕಲೆ, ಸಂಶೋಧನೆ, ಪಾಠಕ್ಕೆ ವಿನಾಯಿತಿ ಉಂಟು. ಮಾದರಿ ಹಡಗಿನ ಕಿಟ್ ಕೊಂಡರೆ ಡಬ್ಬಿಯ ಮೇಲಿನ ಚಿತ್ರದಲ್ಲಿ ಬಾವುಟದ ಆ ಭಾಗ ಖಾಲಿ ಇರುತ್ತದೆ, ಇಲ್ಲವೇ ಹೊಗೆಯೋ ಮಡಿಕೆಯೋ ಅದನ್ನು ಮುಚ್ಚಿರುತ್ತದೆ.

ಅಂಟುಗೋಂದು:

ಕಿಟ್ ಮಾತು ಬಂತು, ಇನ್ನು ನಾನು ಸುಮ್ನೆ ಇರುವುದು ಹೇಗೆ? ನಾನು ಮಾದರಿ ಹಡಗು ಕಟ್ಟುವವನು. ಬಣ್ಣಕ್ಕಾಗಿ ಈ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡುತ್ತೇನೆ. ಚಿತ್ರಗಳಲ್ಲಿ ಪದೇ ಪದೇ ತಪ್ಪುವ ಜಾಗಗಳನ್ನು ಹೇಳುತ್ತೇನೆ.

ಬಿಸ್ಮಾರ್ಕ್ ಅಂದ ಕೂಡಲೇ ಎಲ್ಲರಿಗೂ ಬೇಕು ಪಕ್ಕದ ಕಪ್ಪು ಬಿಳಿ ಓರೆ ಪಟ್ಟೆಗಳು. ನೋಡಲು ಚೆಂದ, ನಿಜ. ಆದರೆ ಆ ಪಟ್ಟೆ ಇದ್ದದ್ದು ಬಾಲ್ಟಿಕ್ ಸಮುದ್ರದಲ್ಲಿ. 1941ರ ಮೇ 21ರಂದು ನಾರ್ವೆಯ ಗ್ರಿಮ್‌ಸ್ಟಾಡ್ ಫ್ಯೋರ್ಡ್‌ನಲ್ಲಿ ಲಂಗರು ಹಾಕಿದಾಗ ಅದರ ಮೇಲೆ ಬೂದು ಬಣ್ಣ ಬಳಿದರು. ಹುಡ್ ಜೊತೆ ಕಾಳಗ ಆದದ್ದು ಮೂರು ದಿನ ಕಳೆದ ಮೇಲೆ. ಕಾಳಗದ ಚಿತ್ರದಲ್ಲಿ ಪಟ್ಟೆ ಎದ್ದು ಕಂಡರೆ ಕಲಾವಿದ ತಾರೀಕು ನೋಡಿಲ್ಲ.

ಅದೇ ಕಾಳಗದಲ್ಲಿ ಇನ್ನೊಂದು ಸಂಗತಿ. ಜರ್ಮನ್ ಸಾಲಿನಲ್ಲಿ ಮುಂದೆ ಇದ್ದದ್ದು ಬಿಸ್ಮಾರ್ಕ್ ಅಲ್ಲ, ಪ್ರಿಂಜ್ ಆಯ್ಗೆನ್. ಹಿಂದಿನ ಸಂಜೆ ಬಿಸ್ಮಾರ್ಕ್ ನಾರ್‌ಫೋಕ್ ಎಂಬ ಬ್ರಿಟಿಷ್ ಹಡಗಿನ ಮೇಲೆ ಗುಂಡು ಹಾರಿಸಿತ್ತು. ತನ್ನದೇ ತೋಪಿನ ಅದುರಿಗೆ ಮುಂದಿನ ರೆಡಾರ್ ಕೆಟ್ಟಿತು. ಅದಕ್ಕೆ ಪ್ರಿಂಜ್ ಆಯ್ಗೆನ್‌ಗೆ ಮುಂದೆ ಹೋಗಲು ಹೇಳಿದರು. ಎರಡರ ಹೊರಗೆರೆ ಒಂದೇ ಥರ. ದೂರದಿಂದ ನೋಡಿದ ಹುಡ್ ಮುಂದಿನದೇ ಬಿಸ್ಮಾರ್ಕ್ ಅಂದುಕೊಂಡು ಮೊದಲು ಅದರ ಮೇಲೇ ಗುಂಡು ಹಾರಿಸಿತು. ಬಿಸ್ಮಾರ್ಕನ್ನು ಸಾಲಿನ ತುದಿಗೆ ತಂದು ನಿಲ್ಲಿಸಿದ ಚಿತ್ರದಲ್ಲಿ ಈ ಇಡೀ ಕಥೆಯೇ ಮಾಯ.

ಸಬ್‌ಮರೀನ್‌ಗೆ ಬಂದರೆ ಯು-47. 1939ರ ಅಕ್ಟೋಬರ್ 14ರ ರಾತ್ರಿ ಅದರ ನಾಯಕ ಗ್ಯುಂಟರ್ ಪ್ರೀನ್ ಬ್ರಿಟಿಷ್ ನೌಕಾನೆಲೆ ಸ್ಕಾಪಾ ಫ್ಲೋ ಒಳಗೆ ನುಗ್ಗಿ ರಾಯಲ್ ಓಕ್ ಹಡಗನ್ನು ಮುಳುಗಿಸಿದ. ಸತ್ತವರು 800ಕ್ಕೂ ಹೆಚ್ಚು. ಯು-47ರ ಗೋಪುರದ ಮೇಲೆ ಗುಟುರು ಹಾಕುವ ಗೂಳಿಯ ಚಿತ್ರ ಪ್ರಸಿದ್ಧ. ಆದರೆ ಆ ಗೂಳಿಯನ್ನು ಬಿಡಿಸಿದ್ದು ಕೆಲಸ ಮುಗಿಸಿ ವಾಪಸ್ ಬರುವ ದಾರಿಯಲ್ಲಿ. ಸ್ಕಾಪಾ ಫ್ಲೋ ಒಳಗೆ ನುಸುಳುತ್ತಿರುವ ಚಿತ್ರದಲ್ಲಿ ಗೂಳಿ ಇರಬಾರದು. ವಿಲ್ಹೆಲ್ಮ್ಸ್‌ಹಾಫನ್‌ಗೆ ವಾಪಸಾಗುವ ಚಿತ್ರದಲ್ಲಿ ಇದ್ದರೆ ಸರಿ.

ಬಣ್ಣವೂ ಅಷ್ಟೇ. ಎಲ್ಲರೂ ಸಬ್‌ಮರೀನ್‌ಗೆ ಕಪ್ಪು ಬಳಿಯುತ್ತಾರೆ. ಏಳನೇ ಮಾದರಿಯ ಜರ್ಮನ್ ಸಬ್‌ಮರೀನ್‌ಗಳಲ್ಲಿ ಸಾಮಾನ್ಯವಾಗಿ ನೀರಿನ ಮೇಲೆ ತಿಳಿ ಬೂದು, ಕೆಳಗೆ ಗಾಢ ಬೂದು. ಅದರ ಮೇಲೆ ತುಕ್ಕು, ಉಪ್ಪು. ಇನ್ನು ಮುಂದಿನ ಡೆಕ್ಕಿನ 8.8 ಸೆಂಟಿಮೀಟರ್ ತೋಪು. ಯುದ್ಧದ ಕೊನೆಯ ವರ್ಷಗಳಲ್ಲಿ ಬಹುತೇಕ ಸಬ್‌ಮರೀನ್‌ಗಳಿಂದ ಅದನ್ನು ತೆಗೆದು, ಗೋಪುರದ ಹಿಂದೆ ಕಟ್ಟೆ ಬೆಳೆಸಿ, ವಿಮಾನ ಹೊಡೆಯುವ ಬಂದೂಕುಗಳನ್ನು ಕೂರಿಸಿದರು. 1944 ಅಂತ ಬರೆದ ಪ್ರಿಂಟ್‌ನಲ್ಲಿ ಡೆಕ್ ತೋಪು ಕಂಡರೆ ಕೊಳ್ಳುವ ಮೊದಲು ಆ ಸಬ್‌ಮರೀನಿನ ಫೋಟೋ ಹುಡುಕಿ.

ಕುಂಚ_ಮೈಸೂರು:

ಅಂಟುಗೋಂದು ಅಣ್ಣ, ನಿಮ್ಮ ಲೆಕ್ಕ ಎಲ್ಲ ಸರಿ. ಆದರೆ ಗೂಳಿ ಇದೆಯೋ ಇಲ್ಲವೋ ಎಂಬುದರಲ್ಲೇ ಚಿತ್ರದ ಬೆಲೆ ಇಲ್ಲ ಅಲ್ವಾ? ನಾನು ಚಿತ್ರಕಲೆ ಓದುತ್ತಿರುವವಳು. ನನಗೆ ಮುಖ್ಯ ದಿಗಂತದ ಗೆರೆ.

ಸಬ್‌ಮರೀನಿನ ಮೇಲಟ್ಟದಲ್ಲಿ ನಿಂತವರ ಕಣ್ಣು ನೀರಿಗಿಂತ ಸುಮಾರು ಐದು ಮೀಟರ್ ಮೇಲಿರುತ್ತದೆ. ಅಲ್ಲಿಂದ ದಿಗಂತ ಹೆಚ್ಚೆಂದರೆ 8 ಕಿಲೋಮೀಟರ್ ದೂರ. ದೊಡ್ಡ ಅಲೆ ಬಂದರೆ ದಿಗಂತವೇ ಕಾಣುವುದಿಲ್ಲ, ನೀರಿನ ಗೋಡೆ ಅಡ್ಡ ನಿಲ್ಲುತ್ತದೆ. ಬೆರ್ಗೆನ್ ಅವರ ಯು-53 ಚಿತ್ರಗಳಲ್ಲಿ ನೋಡಿ. ಸಮುದ್ರ ನಮ್ಮ ಮುಖದ ಮಟ್ಟಕ್ಕೇ ಬರುತ್ತದೆ. ಕಾವಲು ನಿಂತವರು ಎಣ್ಣೆಬಟ್ಟೆ ಹಾಕಿ, ಭುಜ ಕುಗ್ಗಿಸಿ, ಕಬ್ಬಿಣಕ್ಕೆ ಒತ್ತಿಕೊಂಡು ನಿಂತಿರುತ್ತಾರೆ. ಹತ್ತಿರದ ನೀರಿನಲ್ಲಿ ಹಸಿರು, ಅದರೊಳಗೆ ಬೂದು, ನೊರೆ ಒಡೆಯುವ ಕಡೆ ಬಣ್ಣವನ್ನು ದಪ್ಪಗೆ ಹಾಗೇ ಇಟ್ಟುಬಿಟ್ಟಿದ್ದಾರೆ. ಇದು ಹೋಗಿ ನೋಡಿದವರ ಕೈ. ಸ್ಟೋವರ್ ಅವರಲ್ಲಿ ದಿಗಂತ ಮೇಲಿರುತ್ತದೆ, ನಾವು ಎಲ್ಲೋ ಗಾಳಿಯಲ್ಲಿ ತೇಲುತ್ತಾ ನೋಡುತ್ತಿರುತ್ತೇವೆ. ಎಲ್ಲ ಹಡಗುಗಳೂ ಒಟ್ಟಿಗೆ ಸ್ಪಷ್ಟ. ಪತ್ರಿಕೆಯ ಓದುಗರಿಗೆ ಘಟನೆ ತಿಳಿಸುವುದಕ್ಕೆ ಅದು ಸರಿಯಾದ ಜಾಗ, ಆದರೆ ಅಲ್ಲಿ ಯಾರೂ ನಿಂತಿರಲು ಸಾಧ್ಯವಿಲ್ಲ.

ಇನ್ನು ಬೆಳಕು. 1943ರ ಡಿಸೆಂಬರ್ 26ರಂದು ಜರ್ಮನ್ ಯುದ್ಧನೌಕೆ ಶಾರ್ನ್‌ಹೋರ್ಸ್ಟ್ ಮುಳುಗಿದ್ದು ನಾರ್ವೆಯ ಉತ್ತರ ತುದಿಯಾಚೆ, ಧ್ರುವದ ಕತ್ತಲಲ್ಲಿ, ಬಿರುಗಾಳಿಯಲ್ಲಿ. ಸುಮಾರು 2,000 ಜನರಲ್ಲಿ ಉಳಿದವರು 36. ಅಲ್ಲಿ ಬೆಳಕು ಅಂದರೆ ಬ್ರಿಟಿಷರು ಹಾರಿಸಿದ ಬೆಳಕಿನ ಗುಂಡು ಮತ್ತು ತೋಪಿನ ಬೆಂಕಿ, ಅಷ್ಟೇ. ಅದನ್ನು ಬಿಡಿಸುವವರು ಹಡಗು ಕಾಣಲಿ ಅಂತ ಬೆಳದಿಂಗಳು ತಂದರೆ ಆ ದಿನದ ಭಯಾನಕತೆಯೇ ಹೋಗುತ್ತದೆ. ಸ್ಕಾಪಾ ಫ್ಲೋ ರಾತ್ರಿ ಇದಕ್ಕೆ ವಿರುದ್ಧ. ಪ್ರೀನ್ ತನ್ನ ದಾಖಲೆಯಲ್ಲೇ ಬರೆದಿದ್ದಾನೆ, ಆಕಾಶದ ತುಂಬ ಧ್ರುವಪ್ರಭೆ ಇತ್ತು ಅಂತ. ಅಲ್ಲಿ ಹಸಿರು ಬೆಳಕು ಬಿಡಿಸಿದರೆ ಕಲ್ಪನೆ ಅನ್ನಬೇಡಿ.

ಅಂಟುಗೋಂದು:

ಒಪ್ಪಿದೆ ತಂಗಿ. ದಿಗಂತದ ಮಾತು ನನಗೆ ಹೊಸದು. ಇನ್ನು ಮೇಲೆ ಚಿತ್ರ ನೋಡುವ ಕ್ರಮವೇ ಬೇರೆ ಆಗುತ್ತದೆ.

ಹೊಸಬ_ದಾವಣಗೆರೆ:

ನಾನು ಮೊದಲ ಸಲ ಪ್ರಿಂಟ್ ಕೊಳ್ಳಬೇಕು ಅಂತ ಇದ್ದೇನೆ. ಆನ್‌ಲೈನ್‌ನಲ್ಲಿ ಒಂದೇ ಚಿತ್ರ ಎಂಟುನೂರು ರೂಪಾಯಿಗೂ ಇದೆ, ನಲವತ್ತು ಸಾವಿರಕ್ಕೂ ಇದೆ. ವ್ಯತ್ಯಾಸ ಏನು? ಮತ್ತೆ ಒಬ್ಬರು '1915ರ ಅಸಲಿ ಲಿಥೋಗ್ರಾಫ್' ಅಂತ ಒಂದು ಹಾಕಿದ್ದಾರೆ. ನಂಬಬಹುದಾ?

ಚೌಕಟ್ಟು:

ನಾನು ಬೆಂಗಳೂರಿನಲ್ಲಿ ಫ್ರೇಮ್ ಅಂಗಡಿ ಇಟ್ಟುಕೊಂಡಿದ್ದೇನೆ. ಇದಕ್ಕೆ ಉತ್ತರ ಹೇಳುತ್ತೇನೆ.

ಮೊದಲು 1915ರದ್ದು. ಮಾರುವವರ ಹತ್ತಿರ ಹಿಂಬದಿಯ ಫೋಟೋ ಕೇಳಿ. ಹಿಂದೆ ಜರ್ಮನ್ ಅಕ್ಷರಗಳ ಅಚ್ಚು ಇದ್ದರೆ, ನಡುವೆ ಮಡಿಚಿದ ಗೆರೆ ಇದ್ದರೆ, ಅದು ಆ ಕಾಲದ ಸಚಿತ್ರ ವಾರಪತ್ರಿಕೆಯಿಂದ ಕಿತ್ತ ಹಾಳೆ. ಸ್ಟೋವರ್, ಬೋರ್ಟ್ ಇವರ ಕೆಲಸ ಪತ್ರಿಕೆಗಳಲ್ಲಿ ಜಾಸ್ತಿ ಬರುತ್ತಿತ್ತು. ಹಾಳೆ ಹಳೆಯದೇ, ಆದರೆ ಲಿಥೋಗ್ರಾಫ್ ಬೆಲೆ ಅದಕ್ಕಿಲ್ಲ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಕೆಂಪು, ನೀಲಿ, ಹಳದಿ ಚುಕ್ಕೆಗಳು ಸಾಲಾಗಿ, ಸಣ್ಣ ಹೂವಿನ ಆಕಾರದಲ್ಲಿ ಕೂತಿದ್ದರೆ ಅದು ಯಂತ್ರದ ಅಚ್ಚು. ಕಲ್ಲಚ್ಚಿನ ಲಿಥೋಗ್ರಾಫ್ ಆದರೆ ಚುಕ್ಕೆಗೆ ಸಾಲಿಲ್ಲ, ಕಲ್ಲಿನ ತರಿತರಿ ಕಾಣುತ್ತದೆ. ಈಗಿನ ಇಂಕ್‌ಜೆಟ್‌ನ ಜಿಕ್ಲೇ ಪ್ರಿಂಟ್‌ನಲ್ಲಿ ಬಣ್ಣ ತುಂತುರು ಹನಿಯ ಹಾಗೆ ಹರಡಿರುತ್ತದೆ.

ಈಗಿನ ಪ್ರಿಂಟ್‌ಗಳ ಬೆಲೆ ನಿಂತಿರುವುದು ಕೆಳಗಿನ ಬಿಳಿ ಅಂಚಿನ ಮೇಲೆ. ಅಲ್ಲಿ ಪೆನ್ಸಿಲ್‌ನಲ್ಲಿ ಕಲಾವಿದರ ಸಹಿ, ಪಕ್ಕದಲ್ಲಿ ನಂಬರ್ ಇರುತ್ತದೆ. 215/500 ಅಂದರೆ ಐನೂರರಲ್ಲಿ ಇನ್ನೂರ ಹದಿನೈದನೆಯದು. ಕಲಾವಿದರು ತಮಗಾಗಿ ಇಟ್ಟುಕೊಂಡ ಕೆಲವು ಪ್ರತಿಗಳಿಗೆ ಬೇರೆ ಗುರುತು. ಕೆಲವು ಪ್ರಿಂಟ್‌ಗಳಲ್ಲಿ ಆ ಯುದ್ಧದಲ್ಲಿದ್ದ ನಾವಿಕರ ಸಹಿಯೂ ಇದೆ. ಎರಡು ಕಡೆಯವರೂ ಒಂದೇ ಹಾಳೆಯ ಮೇಲೆ ಸಹಿ ಹಾಕಿದ್ದೂ ಉಂಟು. ಆ ಪೀಳಿಗೆ ಹೋಗಿಬಿಟ್ಟಿತು, ಅದಕ್ಕೇ ಬೆಲೆ. ಸಹಿ ಅಚ್ಚಾಗಿದೆಯಾ, ಬರೆದದ್ದಾ ಅಂತ ಓರೆ ಬೆಳಕಿನಲ್ಲಿ ನೋಡಿ. ಪೆನ್ಸಿಲ್ ಗೀಟು ಮಿನುಗುತ್ತದೆ, ಕಾಗದ ಸ್ವಲ್ಪ ಒತ್ತಿರುತ್ತದೆ.

ಕೊಂಡ ಮೇಲೆ ದಯವಿಟ್ಟು ಪ್ಲೈವುಡ್‌ಗೆ ಅಂಟಿಸಬೇಡಿ. ಎಷ್ಟೋ ಜನ ಅಂಟಿಸಿ ಹಾಳು ಮಾಡಿಕೊಂಡು ಬರುತ್ತಾರೆ, ನೋಡಿ ಸಂಕಟ ಆಗುತ್ತದೆ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಕೇಳಿ ಹಾಕಿಸಿ. ಗಾಜಿಗೂ ಕಾಗದಕ್ಕೂ ನಡುವೆ ಜಾಗ ಇರಲಿ. ಬಿಸಿಲು ಬೀಳುವ ಗೋಡೆ ಬೇಡ. ಕರಾವಳಿಯವರು ಹೊರಗಿನ ಗೋಡೆಗೆ ತೂಗುಹಾಕಬೇಡಿ, ಮಳೆಗಾಲದಲ್ಲಿ ತೇವ ಎಳೆದು ಕಂದು ಚುಕ್ಕೆ ಬೀಳುತ್ತದೆ.

ಹೊಸಬ_ದಾವಣಗೆರೆ:

ತುಂಬಾ ಉಪಕಾರ ಆಯ್ತು ಸಾರ್. ಹಿಂಬದಿ ಫೋಟೋ ಕೇಳಿದೆ. ಅಕ್ಷರ ಇದೆ, ಮಡಿಕೆನೂ ಇದೆ. ಅದನ್ನು ಬಿಟ್ಟೆ.

ಹಳೇ ಬೋಸನ್:

ನಾನು ಮರ್ಚೆಂಟ್ ನೇವಿಯಲ್ಲಿದ್ದು ನಿವೃತ್ತನಾದವನು. ಓದುಗಮಿತ್ರರು ಸಿಟಿ ಆಫ್ ಬೆನಾರಸ್ ಬಗ್ಗೆ ಬರೆದದ್ದನ್ನು ಓದಿ ಮನಸ್ಸು ತಡೆಯಲಿಲ್ಲ. ಆ ಹಡಗಿನ ಹನ್ನೆರಡನೇ ನಂಬರಿನ ದೋಣಿ ಎಂಟು ದಿನ ಅಟ್ಲಾಂಟಿಕ್‌ನಲ್ಲಿ ತೇಲಿತು. 46 ಜನ. ಆರು ಹುಡುಗರು, ಉಳಿದವರಲ್ಲಿ ಹೆಚ್ಚಿನವರು ಭಾರತದ ಖಲಾಸಿಗಳು. ಬಿಸಿ ದೇಶದ ತೆಳು ಬಟ್ಟೆಯಲ್ಲಿದ್ದವರು. ಕೊನೆಗೆ ಒಂದು ವಿಮಾನ ಕಂಡಿತು, ಆಂಟನಿ ಎಂಬ ಹಡಗು ಬಂದು ಎತ್ತಿಕೊಂಡಿತು.

ಬಿಸ್ಮಾರ್ಕ್ ಮುಳುಗಿದ್ದನ್ನು ಚಾರ್ಲ್ಸ್ ಟರ್ನರ್ ಬಿಡಿಸಿದ ಚಿತ್ರ ಗ್ರೀನಿಚ್‌ನ ಕಡಲ ಮ್ಯೂಸಿಯಂನಲ್ಲಿದೆ. ಬ್ರಿಟಿಷರ ಸ್ವೋರ್ಡ್‌ಫಿಶ್ ವಿಮಾನಗಳು ಅದರ ಮೇಲೆ ಟಾರ್ಪಿಡೋ ಹಾಕುವುದನ್ನು ಹತ್ತಾರು ಜನ ಬಿಡಿಸಿದ್ದಾರೆ. 1942ರ ಫೆಬ್ರವರಿಯಲ್ಲಿ ಶಾರ್ನ್‌ಹೋರ್ಸ್ಟ್, ಗ್ನೈಸೆನೌ, ಪ್ರಿಂಜ್ ಆಯ್ಗೆನ್ ಮೂರೂ ಇಂಗ್ಲಿಷ್ ಕಾಲುವೆಯಲ್ಲಿ ಹಗಲು ಹೊತ್ತಿನಲ್ಲೇ ನುಗ್ಗಿ ಹೋದದ್ದನ್ನೂ ಬಿಡಿಸಿದ್ದಾರೆ. ಆದರೆ ದೋಣಿಯಲ್ಲಿ ಕೂತ ಖಲಾಸಿಯ ಮುಖ ಇರುವ ಒಂದು ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾವಿರಾರು ಭಾರತೀಯ ನಾವಿಕರು ಆ ಯುದ್ಧದಲ್ಲಿ ಸತ್ತರು. ಗೋವಾ, ಕೊಂಕಣ, ಸಿಲ್ಹೆಟ್, ಎಲ್ಲ ಕಡೆಯವರು. ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದವರಿಗೆ ಟಾರ್ಪಿಡೋ ಬಿದ್ದರೆ ಮೇಲೆ ಬರುವ ದಾರಿಯೇ ಇರುತ್ತಿರಲಿಲ್ಲ.

ಸಬ್‌ಮರೀನಿನವರ ಸ್ಥಿತಿಯೂ ಹಾಗೇ ಇತ್ತು. ಅದರಲ್ಲಿ ಹೋದ ಸುಮಾರು 40,000 ಜರ್ಮನ್ನರಲ್ಲಿ ಮುಕ್ಕಾಲು ಪಾಲು ವಾಪಸ್ ಬರಲಿಲ್ಲ. ಚಿಕ್ಕ ಚಿಕ್ಕ ಹುಡುಗರು. ಎರಡು ಕಡೆಯ ಲೆಕ್ಕ ಒಂದೇ ಅಂತ ನಾನು ಹೇಳುತ್ತಿಲ್ಲ. ಕಡಲಿನಲ್ಲಿ ಕೆಲಸ ಮಾಡಿದವನಿಗೆ ಆ ನೀರಿನ ಚಳಿ ಗೊತ್ತು, ಅದಕ್ಕೆ ಹೇಳಿದೆ.

ಓದುಗಮಿತ್ರ:

ಬೋಸನ್ ಸಾಹೇಬರೇ, ನಾನು ಹೇಳಬೇಕು ಅಂದುಕೊಂಡದ್ದನ್ನು ನೀವೇ ಹೇಳಿದ್ದೀರಿ. ನನ್ನ ತಕರಾರು ಹಡಗಿನ ಚಿತ್ರದ ಮೇಲೆ ಅಲ್ಲ. ಹಡಗು ಮಾತ್ರ ಇದ್ದು ಮನುಷ್ಯರೇ ಇಲ್ಲದಿರುವುದರ ಮೇಲೆ.

ಎಲ್ಬೆ ದಡದಿಂದ:

ಮನುಷ್ಯರನ್ನು ತೋರಿಸಿದ ಒಬ್ಬರಿದ್ದಾರೆ, ಲೋತಾರ್-ಗ್ಯುಂಟರ್ ಬುಖ್‌ಹೈಮ್. ಆತ ಮೂಲತಃ ಚಿತ್ರಕಾರ, ತಾಯಿಯೂ ಚಿತ್ರಕಾರ್ತಿ. ನೌಕಾಪಡೆಯ ಪ್ರಚಾರ ವಿಭಾಗದವನಾಗಿ 1941ರಲ್ಲಿ ಯು-96 ಹತ್ತಿದ. ಕೊಂಡೊಯ್ದದ್ದು ಪ್ರಚಾರದ ಕೆಲಸಕ್ಕೆ. ಆದರೆ ಕ್ಯಾಮೆರಾದಲ್ಲಿ ಸಿಕ್ಕಿದ್ದು ಗಡ್ಡ ಬೆಳೆದ, ನಿದ್ದೆಗೆಟ್ಟ, ಹೆದರಿದ ಮುಖಗಳು. ಮುಂದೆ ಅದೇ ಅನುಭವದಿಂದ ಕಾದಂಬರಿ ಬರೆದು ಲೋಕಪ್ರಸಿದ್ಧನಾದ. ನಾತ್ಸಿಗಳು ತುಚ್ಛವಾಗಿ ಕಂಡ ಎಕ್ಸ್‌ಪ್ರೆಷನಿಸ್ಟ್ ಚಿತ್ರಗಳನ್ನು ಜೀವಮಾನವಿಡೀ ಕೂಡಿಟ್ಟ. ಬವೇರಿಯಾದ ಬೆರ್ನ್‌ರೀಡ್‌ನಲ್ಲಿ ಸರೋವರದ ದಡದಲ್ಲಿ ಆ ಸಂಗ್ರಹದ ಮ್ಯೂಸಿಯಂ ಇದೆ.

ಹಿನ್ನೀರು:

ಕ್ಯಾಮೆರಾ ಮಾತು ಬಂದದ್ದರಿಂದ ಒಂದು ಹೇಳುತ್ತೇನೆ. ಫೋಟೋ ಇರುವಾಗ ಚಿತ್ರ ಯಾಕೆ ಅಂತ ಕೆಲವರು ಕೇಳುತ್ತಾರೆ. ಬಿಸ್ಮಾರ್ಕ್‌ನ ಅವಶೇಷ 1989ರಲ್ಲಿ ರಾಬರ್ಟ್ ಬಲ್ಲಾರ್ಡ್ ತಂಡಕ್ಕೆ ಸಿಕ್ಕಿತು. ಸುಮಾರು 4,800 ಮೀಟರ್ ಆಳ. ಅಲ್ಲಿ ದೀಪದ ಬೆಳಕು ಕೆಲವೇ ಮೀಟರ್ ಹೋಗುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಒಂದು ತುಂಡು ಡೆಕ್ಕು, ಒಂದು ತೋಪು, ಒಂದು ಕಂಬಿ, ಅಷ್ಟೇ. ಇಡೀ ಹಡಗು ಸಮುದ್ರತಳದಲ್ಲಿ ಹೇಗೆ ಕೂತಿದೆ ಅಂತ ಒಂದೇ ನೋಟದಲ್ಲಿ ತೋರಿಸಿದ್ದು ಕೆನ್ ಮಾರ್ಷಲ್ ಅವರ ಚಿತ್ರ. ತುಂಡು ತುಂಡು ಫೋಟೋ ಜೋಡಿಸಿ ಕಟ್ಟಿದ್ದು. ಅದರಲ್ಲಿ ಮುಖ್ಯ ತೋಪಿನ ಗೋಪುರಗಳು ಇಲ್ಲ. ಹಡಗು ಮಗುಚಿದಾಗ ನಾಲ್ಕೂ ಕಳಚಿ ಬಿದ್ದಿದ್ದವು. ಅವು ಇದ್ದ ಜಾಗದಲ್ಲಿ ದುಂಡಗಿನ ಹೊಂಡಗಳು. ಆ ಹಡಗಿನ ಸುಮಾರು 2,200 ಜನರಲ್ಲಿ ಉಳಿದವರು ನೂರಕ್ಕೆ ಸ್ವಲ್ಪ ಮೇಲೆ.

ಕುಂಚ_ಮೈಸೂರು:

ಬೋಸನ್ ತಾತನ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನಾನೇ ಯಾಕೆ ಬಿಡಿಸಬಾರದು ಅನ್ನಿಸಿತು. ಎರಡು ವಿಷಯ ಇಟ್ಟುಕೊಂಡಿದ್ದೇನೆ. ಒಂದು, ಹನ್ನೆರಡನೇ ದೋಣಿ. ಇನ್ನೊಂದು, ನೇತಾಜಿ ನಡುಗಡಲಲ್ಲಿ ಜರ್ಮನ್ ಸಬ್‌ಮರೀನಿನಿಂದ ಜಪಾನಿನದಕ್ಕೆ ದಾಟಿದ್ದು. ಎರಡನೆಯದಕ್ಕೆ ಯಾವ ಸಬ್‌ಮರೀನ್, ಹೇಗಿತ್ತು, ಯಾರಾದರೂ ಹೇಳುತ್ತೀರಾ?

ಅಂಟುಗೋಂದು:

ನಾನು ಹೇಳುತ್ತೇನೆ ತಂಗಿ. ಯು-180. 1943ರ ಫೆಬ್ರವರಿ 9ರಂದು ಕೀಲ್‌ನಿಂದ ಹೊರಟಿತು. ನೇತಾಜಿ ಜೊತೆಗೆ ಅವರ ಸಹಾಯಕ ಆಬಿದ್ ಹಸನ್. ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್‌ನ ಆಗ್ನೇಯಕ್ಕೆ ಜಪಾನಿನ ಐ-29 ಸಿಕ್ಕಿತು. ಕಡಲು ಉಕ್ಕುತ್ತಿತ್ತು, ಎರಡೂ ಹತ್ತಿರ ಬರುವ ಹಾಗಿರಲಿಲ್ಲ. 28ರಂದು ರಬ್ಬರ್ ತೆಪ್ಪದಲ್ಲಿ ಇಬ್ಬರನ್ನೂ ದಾಟಿಸಿದರು. ಪೂರ್ತಿ ಒದ್ದೆಯಾಗಿ ಹತ್ತಿದರು.

ಒಂದು ಎಚ್ಚರ. ಇದು ಎಲ್ಲರೂ ಬಿಡಿಸುವ ಏಳನೇ ಮಾದರಿ ಅಲ್ಲ. ಒಂಬತ್ತನೇ ಮಾದರಿಯ ದೂರ ಹೋಗುವ ಬಗೆ, ಉದ್ದ 87 ಮೀಟರಿಗೂ ಜಾಸ್ತಿ. ಡೆಕ್ಕು ಅಗಲ. ಅದರ ಎಂಜಿನ್ ವಿಪರೀತ ಹೊಗೆ ಬಿಡುತ್ತಿತ್ತು ಅಂತ ದೂರು ಇತ್ತು, ಹಾಗಾಗಿ ಹಿಂಭಾಗದಲ್ಲಿ ಹೊಗೆ ಬಿಡಿಸಿದರೆ ತಪ್ಪಲ್ಲ. ಐ-29 ಅದಕ್ಕಿಂತ ಎಷ್ಟೋ ದೊಡ್ಡದು, ನೂರು ಮೀಟರಿಗೂ ಹೆಚ್ಚು. ಎರಡನ್ನೂ ಒಂದೇ ಅಳತೆಯಲ್ಲಿ ಬಿಡಿಸಬೇಡ.

ಹಳೇ ಬೋಸನ್:

ಮಗಳೇ, ಉಕ್ಕುವ ಕಡಲಲ್ಲಿ ತೆಪ್ಪ ದಾಟಿಸುವಾಗ ಹಗ್ಗ ಬಿಗಿಯಾಗಿ ನೆಟ್ಟಗೆ ಇರುವುದಿಲ್ಲ. ಬಿಗಿ ಇದ್ದರೆ ಅಲೆಗೆ ಕಿತ್ತು ಹೋಗುತ್ತದೆ. ನಡುವೆ ಜೋತುಬಿದ್ದು ನೀರು ಮುಟ್ಟುತ್ತಿರಬೇಕು. ಎರಡೂ ಕಡೆಯವರು ಹಗ್ಗ ಬಿಡುವುದು ಎಳೆಯುವುದು ಮಾಡುತ್ತಲೇ ಇರುತ್ತಾರೆ. ಅವರ ಕಾಲು ನೋಡಿಕೋ, ಯಾರೂ ನೆಟ್ಟಗೆ ನಿಂತಿರುವುದಿಲ್ಲ, ಮಂಡಿ ಬಗ್ಗಿರುತ್ತದೆ.

ಕುಂಚ_ಮೈಸೂರು:

ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ ತಾತ! ಹಾಗಾದರೆ ನೋಟವನ್ನು ತೆಪ್ಪದ ಮಟ್ಟದಲ್ಲೇ ಇಡುತ್ತೇನೆ. ಕಣ್ಣು ನೀರಿಗೆ ಒಂದು ಮೀಟರ್ ಮೇಲೆ. ಎದುರಿಗೆ ಐ-29, ಅದರ ಅರ್ಧ ಅಲೆಯ ಹಿಂದೆ. ಯು-180 ಬೆನ್ನ ಹಿಂದೆ ಬಿಟ್ಟುಹೋಗಿದೆ, ಅದರ ಹಗ್ಗ ಮಾತ್ರ ಚೌಕಟ್ಟಿನ ಮೂಲೆಯಿಂದ ಬರುತ್ತದೆ. ಪೆನ್ಸಿಲ್ ಸ್ಕೆಚ್ ಆದ ಕೂಡಲೇ ಇಲ್ಲಿ ಹಾಕುತ್ತೇನೆ. ಅಂಟುಗೋಂದು ಅಣ್ಣ, ಐ-29ರ ಪಕ್ಕದ ನೋಟದ ನಕ್ಷೆ ಇದ್ದರೆ ಕಳಿಸಿ.

ಅಂಟುಗೋಂದು:

ಇದೆ, ಇವತ್ತು ರಾತ್ರಿ ಸ್ಕ್ಯಾನ್ ಮಾಡಿ ಕಳಿಸುತ್ತೇನೆ.